ಬಾಗಿಲು ತೆರೆದಿರಲಿ, ಪರದೆ ಇಳಿದಿರಲಿ

ಮನೆಯ ಶಿಶುವಿಹಾರಗಳಲ್ಲಿ ಮಕ್ಕಳ ಗುಪ್ತಾಂಗಗಳ ಶುಶ್ರೂಷೆಗೆ ಎಲ್ಲೆ ಯಾವುದು? ಆ ಮಾತನ್ನು ಮೊದಲು ಆಡಬೇಕಾದವರು ಯಾರು?

ಬೆಳಗಿನ ಎಂಟೂವರೆ ಗಂಟೆ. ಬೆಂಗಳೂರು–ಹೊನ್ನಾವರ ರಸ್ತೆಯ ಮೇಲೆ ಶಿವಮೊಗ್ಗದಿಂದ ಭದ್ರಾವತಿಗೂ ಭದ್ರಾವತಿಯಿಂದ ಶಿವಮೊಗ್ಗಕ್ಕೂ ಬಸ್ಸುಗಳು ಒಂದರ ಬೆನ್ನಿಗೊಂದು ಓಡುವ ಹೊತ್ತು. ಮಲವಗೊಪ್ಪದಲ್ಲಿ ಬಸ್ಸಿಗಾಗಿ ಕಾದು ನಿಂತವರಲ್ಲಿ ಹೆಂಗಸರೇನೂ ಕಡಿಮೆಯಿಲ್ಲ. ಒಬ್ಬಾಕೆಗೆ ಬ್ಯಾಂಕು, ಇನ್ನೊಬ್ಬಾಕೆಗೆ ಶಾಲೆ, ಮತ್ತೊಬ್ಬಾಕೆಗೆ ಮಾಚೇನಹಳ್ಳಿಯ ಸಿದ್ಧ ಉಡುಪಿನ ಕಾರ್ಖಾನೆ. ಬಸ್ಸಿನ ಬಳಿಗೆ ಬರುವ ಮುನ್ನ ಅವರಲ್ಲಿ ಕೆಲವರು ಮತ್ತೊಂದು ಮನೆಯ ಬಾಗಿಲಿಗೆ ಹೋಗಿ ಬಂದಿರುತ್ತಾರೆ. ಆ ಮನೆಯ ಹಜಾರದಲ್ಲಿ ಚಾಪೆ ಹಾಸಿದೆ. ಮೂಲೆಯಲ್ಲಿ ಮರದ ಕುದುರೆ ನಿಂತಿದೆ. ಗೋಡೆಯ ಮೊಳೆಗಳಲ್ಲಿ ನಾಲ್ಕೈದು ಪುಟ್ಟ ಚೀಲಗಳು ತೂಗುತ್ತಿವೆ. ಅಲ್ಲಿ ಮಗುವನ್ನು ಒಪ್ಪಿಸಿ, ಅದು ಅಳುವ ಮುನ್ನವೇ ಬೆನ್ನು ತಿರುಗಿಸಿ, ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ಬಸ್ಸು ಹತ್ತುವ ತಾಯಂದಿರು ಆ ರಸ್ತೆಗೆ ಹೊಸಬರಲ್ಲ.

ಅಂಥದೊಂದು ಬೆಳಗನ್ನು ಕಲ್ಪಿಸಿಕೊಳ್ಳಬಹುದು. ತಾಯಿ ಮಗುವಿನ ಚೀಲದೊಡನೆ ಔಷಧದ ಅಂಗಡಿಯ ಸಣ್ಣ ಪೊಟ್ಟಣವೊಂದನ್ನೂ ಮುಂದೆ ಚಾಚುತ್ತಾಳೆ. ಮೂರು ವರ್ಷದ ಮಗನಿಗೆ ನಾಲ್ಕು ದಿನಗಳಿಂದ ಮಲಬದ್ಧತೆ.

"ಅಕ್ಕಾ, ಮಧ್ಯಾಹ್ನ ಇದೊಂದು... ನಿಮಗೆ ಗೊತ್ತಲ್ಲ, ಹಿಂದಿನಿಂದ ಇಡುವುದು..."

ಮಾತು ಅಲ್ಲಿಗೇ ನಿಲ್ಲುತ್ತದೆ. ಬಸ್ಸಿನ ಸದ್ದು ಕೇಳಿಸುತ್ತದೆ. "ಆಗಲಮ್ಮಾ, ಹೋಗಿ ಬಾ" ಎಂದು ಆ ಮನೆಯಾಕೆ ಪೊಟ್ಟಣವನ್ನು ಕೈಗೆ ತೆಗೆದುಕೊಳ್ಳುತ್ತಾಳೆ. ಆದರೆ ಮಧ್ಯಾಹ್ನದವರೆಗೂ ಅವಳ ಮನಸ್ಸಿಗೆ ನೆಮ್ಮದಿಯಿಲ್ಲ. ಇಂಥ ಕೆಲಸವನ್ನು ಪರರ ಮಗುವಿಗೆ ಅವಳು ಎಂದೂ ಮಾಡಿಲ್ಲ. ಮಗು ಕಿರುಚಿಕೊಂಡರೆ ನೆರೆಯವರು ಏನೆಂದಾರು? ರಕ್ತದ ಹನಿಯೊಂದು ಕಂಡರೆ ಸಂಜೆ ಆ ತಾಯಿಗೆ ಹೇಳುವುದೇನು? ನಾಳೆ ಯಾರಾದರೂ ಬೇರೆಯೇ ಅರ್ಥ ಹಚ್ಚಿದರೆ ಗತಿಯೇನು? ಅತ್ತ ತಾಯಿಯೂ ಕಚೇರಿಯ ಮೇಜಿನ ಮುಂದೆ ಕುಳಿತು ಅದನ್ನೇ ನೆನೆಯುತ್ತಾಳೆ. ಇನ್ನು ಮಗುವನ್ನಂತೂ ಯಾರೂ ಏನೂ ಕೇಳಿಲ್ಲ.

ಮೂವರಿಗೂ ಸಂಬಂಧಿಸಿದ ಸಂಗತಿ. ಮೂವರೂ ಆಡದ ಮಾತು. ಮನೆಯ ಶಿಶುವಿಹಾರಗಳಲ್ಲಿ ಊಟ, ನಿದ್ರೆ, ಆಟಗಳ ಬಗ್ಗೆ ಗಂಟೆಗಟ್ಟಲೆ ಮಾತುಕತೆ ನಡೆಯುವುದುಂಟು. ಮಗುವಿನ ಅತ್ಯಂತ ಖಾಸಗಿ ಅಂಗಗಳನ್ನು ಯಾರು, ಯಾವಾಗ, ಯಾವ ಕಾರಣಕ್ಕಾಗಿ ಮುಟ್ಟಬಹುದೆಂಬ ವಿಷಯ ಬಂದೊಡನೆ ನಾಚಿಕೆ ಬಾಯಿಗೆ ಬೀಗ ಹಾಕುತ್ತದೆ. ಆ ಬೀಗವನ್ನು ತೆಗೆಯುವುದು ಹೇಗೆಂಬುದೇ ಇಲ್ಲಿಯ ಪ್ರಶ್ನೆ.

ಅಜ್ಜಿಯ ಮಡಿಲಿನಿಂದ ಅಕ್ಕನ ಹಜಾರಕ್ಕೆ

ಈ ಸೀಮೆಗೆ ಕಾರ್ಖಾನೆಯ ಕೂಗು ಹೊಸದಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಗೆ ತೊಡಗಿತು. 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಮಲವಗೊಪ್ಪದ ಆಸುಪಾಸಿನ ಕಬ್ಬಿನ ಗದ್ದೆಗಳಿಗೆ ತುಂಗಭದ್ರಾ ಸಕ್ಕರೆ ಕಾರ್ಖಾನೆ ಒಂದು ಕಾಲದಲ್ಲಿ ಆಧಾರವಾಗಿತ್ತು. ಅಂದು ಬುತ್ತಿ ಕಟ್ಟಿಕೊಂಡು ಪಾಳಿಗೆ ಹೊರಡುತ್ತಿದ್ದವರು ಬಹುಮಟ್ಟಿಗೆ ಗಂಡಸರು. ಮಗು ಅಜ್ಜಿಯ ಮಡಿಲಲ್ಲೋ ಅತ್ತೆಯ ಕಂಕುಳಲ್ಲೋ ಬೆಳೆಯುತ್ತಿತ್ತು. ಅದನ್ನು ತೊಳೆಯುವ ಕೈ, ಎಣ್ಣೆ ಹಚ್ಚುವ ಕೈ, ಔಷಧ ಅರೆಯುವ ಕೈ ಎಲ್ಲವೂ ಮನೆಯವರದೇ ಆಗಿದ್ದುದರಿಂದ ಎಲ್ಲೆಯ ಪ್ರಶ್ನೆಯನ್ನು ಯಾರೂ ಎತ್ತುತ್ತಿರಲಿಲ್ಲ.

ಇಂದು ಮನೆಗಳು ಚಿಕ್ಕವಾಗಿವೆ. ಅಜ್ಜಿ ಊರಿನಲ್ಲಿ, ಮಗಳು ನಗರದಲ್ಲಿ. ದುಡಿಯುವ ತಾಯಂದಿರ ಮಕ್ಕಳಿಗಾಗಿ ದೇಶದಲ್ಲಿ ಏರ್ಪಾಡುಗಳೇ ಆಗಿಲ್ಲವೆನ್ನುವಂತಿಲ್ಲ. ದೆಹಲಿಯ ಕಟ್ಟಡ ಕಾರ್ಮಿಕರ ಕೂಸುಗಳು ಮಣ್ಣಿನ ರಾಶಿಯ ನಡುವೆ ಬಿದ್ದಿರುವುದನ್ನು ಕಂಡು ಮೀರಾ ಮಹಾದೇವನ್ ಅವರು 1969ರಲ್ಲಿ 'ಮೊಬೈಲ್ ಕ್ರೆಶಸ್' ಸಂಸ್ಥೆಗೆ ನಾಂದಿ ಹಾಡಿದರು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ತಿರುಮಕೂಡಲು ನರಸೀಪುರವೂ ಅವುಗಳಲ್ಲಿ ಒಂದಾಗಿತ್ತು. ಅಂಗನವಾಡಿಗಳು ಬಂದದ್ದು ಆ ಯೋಜನೆಯಿಂದಲೇ. 2017ರಲ್ಲಿ ಹೆರಿಗೆ ಸೌಲಭ್ಯದ ಕಾಯಿದೆಗೆ ತಿದ್ದುಪಡಿಯಾಗಿ, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರವನ್ನು ಒದಗಿಸಬೇಕೆಂದು ವಿಧಿಸಲಾಯಿತು. ಗ್ರಾಮೀಣ ಕೂಲಿಕಾರ ತಾಯಂದಿರಿಗಾಗಿ ರಾಜ್ಯದಲ್ಲಿ 'ಕೂಸಿನ ಮನೆ' ಎಂಬ ಯೋಜನೆಯೂ ಬಂದಿದೆ.

ಆದರೂ ಈ ಯಾವ ಏರ್ಪಾಡಿನ ಕೈಗೂ ಸಿಗದ ಮಕ್ಕಳು ಅನೇಕರಿದ್ದಾರೆ. ಅವರಿಗೆ ಪಕ್ಕದ ಬೀದಿಯ ಅಕ್ಕನ ಹಜಾರವೇ ಗತಿ. ಆಕೆ ನಿವೃತ್ತ ಉಪಾಧ್ಯಾಯಿನಿಯಿರಬಹುದು, ಮಕ್ಕಳನ್ನು ಬೆಳೆಸಿ ಕೈ ಪಳಗಿದ ಗೃಹಿಣಿಯಿರಬಹುದು. ಅಲ್ಲಿ ಪ್ರೀತಿಗೆ ಕೊರತೆಯಿಲ್ಲ, ಬಿಸಿ ಅನ್ನಕ್ಕೆ ಕೊರತೆಯಿಲ್ಲ. ಕೊರತೆಯೆಂದರೆ ಸ್ಪಷ್ಟವಾದ ಒಪ್ಪಂದದ್ದು. ಬಾಯಿಮಾತೇ ಕರಾರು, ನಂಬಿಕೆಯೇ ರಸೀದಿ.

ಅಲ್ಲದೆ ಶಾಲೆಗೂ ಮನೆಗೂ ದೊಡ್ಡದೊಂದು ವ್ಯತ್ಯಾಸವುಂಟು. ಮನೆಯೆಂದ ಮೇಲೆ ಅಲ್ಲಿ ಯಜಮಾನರಿರುತ್ತಾರೆ, ಕಾಲೇಜಿಗೆ ಹೋಗುವ ಮಗನಿರುತ್ತಾನೆ, ಊರಿನಿಂದ ಬಂದ ನೆಂಟರಿರುತ್ತಾರೆ, ಪಾತ್ರೆ ತೊಳೆಯುವವಳು ಬಂದು ಹೋಗುತ್ತಾಳೆ. ತಾಯಿ ಮಗುವನ್ನು ಒಪ್ಪಿಸಿದ್ದು ಒಬ್ಬಳ ಕೈಗೆ. ಮಗು ದಿನವೆಲ್ಲ ಇರುವುದು ಹಲವರ ನಡುವೆ.

ಎಣ್ಣೆನೀರಿನ ಶಾಸ್ತ್ರ, ವೈದ್ಯರ ಮಾತು

ಹಳೆಯ ಮನೆಗಳಲ್ಲಿ ಮಲಬದ್ಧತೆಗೆ ಸುಲಭವಾದ ಉಪಾಯವೊಂದಿತ್ತು. ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಸವರಿ ಕೂಸಿನ ಗುದದ್ವಾರಕ್ಕೆ ಇಡುತ್ತಿದ್ದರು. ತೊಟ್ಟಿಲ್ಲದ ಕಡೆ ಸಾಬೂನಿನ ಸಣ್ಣ ಚೂರು. ಇದಕ್ಕೆ ಶಾಸ್ತ್ರದ ಹಿನ್ನೆಲೆಯೂ ಇಲ್ಲದಿಲ್ಲ. ಆಯುರ್ವೇದದಲ್ಲಿ 'ಫಲವರ್ತಿ' ಎಂಬ ಹೆಸರಿನಿಂದ ಇಂಥ ಚಿಕಿತ್ಸೆ ಪ್ರಸಿದ್ಧವಾಗಿದೆ. ಅಜ್ಜಿಯ ಕೈಗುಣವನ್ನು ಹಳಿಯುವುದು ಯಾರ ಉದ್ದೇಶವೂ ಅಲ್ಲ. ಆದರೆ ಕೂಸಿನ ಗುದದ ಒಳಪದರ ಬಲು ಮೃದು. ತೊಟ್ಟಿನ ತುದಿ ತಗುಲಿ ಅದು ಗೀರುವುದುಂಟು, ಸಾಬೂನಿನಿಂದ ಉರಿಯುವುದುಂಟು. ಸ್ವಂತ ಅಜ್ಜಿ ಮಾಡಿದಾಗಲೂ ಆಗಬಹುದಾದ ಅನಾಹುತ ಪರರ ಕೈಯಲ್ಲಿ ಆದರೆ ಅದರ ಭಾರ ಇಮ್ಮಡಿಯಾಗುತ್ತದೆ.

ಇನ್ನೆರಡು ಪದ್ಧತಿಗಳನ್ನು ಮಕ್ಕಳ ವೈದ್ಯರು ಸ್ಪಷ್ಟವಾಗಿ ನಿಷೇಧಿಸುತ್ತಾರೆ. ಹುಟ್ಟಿದ ಕೆಲವು ದಿನಗಳಲ್ಲಿ ಕೂಸಿನ ಎದೆ ಊದಿಕೊಂಡು ಹಾಲಿನಂಥ ದ್ರವ ಒಸರುವುದುಂಟು. ತಾಯಿಯ ದೇಹದ ಹಾರ್ಮೋನುಗಳು ಕೂಸಿನ ರಕ್ತದಲ್ಲಿ ಉಳಿದಿರುವುದೇ ಅದಕ್ಕೆ ಕಾರಣ; ತಾನಾಗಿಯೇ ಇಳಿಯುತ್ತದೆ. ನೀರು ಹಾಕುವವರು ಅದನ್ನು ಹಿಂಡಿದರೆ ಕೀವುಗಟ್ಟುವ ಅಪಾಯವಿದೆ. ಎರಡನೆಯದು ಗಂಡುಮಗುವಿನ ಶಿಶ್ನದ ಮುಂದೊಗಲನ್ನು ಹಿಂದಕ್ಕೆ ಎಳೆದು ತೊಳೆಯುವ ಅಭ್ಯಾಸ. ಹುಟ್ಟಿದ ಮಗುವಿನಲ್ಲಿ ಆ ತೊಗಲು ಅಂಟಿಕೊಂಡಿರುವುದು ಸಹಜ. ಬೆಳೆದಂತೆ, ಕೆಲವು ವರ್ಷಗಳಲ್ಲಿ, ತಾನಾಗಿ ಬಿಡಿಸಿಕೊಳ್ಳುತ್ತದೆ. ಬಲವಂತವಾಗಿ ಎಳೆದರೆ ಹರಿದು, ಗಾಯ ಮಾಯ್ದ ಮೇಲೆ ಗಟ್ಟಿಯಾಗಿ, ಇಲ್ಲದ ರೋಗವನ್ನು ತಂದುಕೊಂಡಂತಾಗುತ್ತದೆ. ಹೊರಗಿನಿಂದ ನೀರು ಹಾಕಿ ತೊಳೆದರೆ ಸಾಕು. ಹೆಣ್ಣುಮಗುವನ್ನು ಯಾವಾಗಲೂ ಮುಂದಿನಿಂದ ಹಿಂದಕ್ಕೆ ಒರೆಸಬೇಕು. ಮಲದ ಸೋಂಕು ಮೂತ್ರದ ದಾರಿಗೆ ತಗುಲದಿರಲು ಇದೇ ಉಪಾಯ.

ಈ ಮಾತುಗಳಿಂದ ಹೊರಡುವ ಮೊದಲ ನಿಯಮ ಸರಳವಾದದ್ದು. ವೈದ್ಯರು ಹೇಳದ ಯಾವ ಚಿಕಿತ್ಸೆಯನ್ನೂ ಮಗುವಿನ ಗುಪ್ತಾಂಗದ ಮೇಲೆ ಶಿಶುವಿಹಾರದಲ್ಲಿ ಮಾಡಲಾಗದು. ಅದು ಎಷ್ಟೇ ಹಳೆಯ ಅನುಭವವಿದ್ದರೂ ಸರಿ, ಎಷ್ಟೇ ಪ್ರೀತಿಯಿಂದ ಹೊರಟದ್ದಾದರೂ ಸರಿ.

ಮೂರು ಬಗೆಯ ಕೆಲಸ

ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಮಗುವಿನ ಅಂಗಶುಶ್ರೂಷೆಯನ್ನು ಮೂರು ಬಗೆಯಾಗಿ ವಿಂಗಡಿಸಿ ನೋಡಿದರೆ ಗೊಂದಲ ಅರ್ಧ ತೀರುತ್ತದೆ.

ಮೊದಲನೆಯದು ನಿತ್ಯದ ಶುಚಿ. ಕೂಸಿನ ಬಟ್ಟೆ ಬದಲಾಯಿಸುವುದು, ತೊಳೆಯುವುದು, ಒದ್ದೆಯಿಂದ ಕೆಂಪಾದ ಚರ್ಮಕ್ಕೆ ಮುಲಾಮು ಹಚ್ಚುವುದು. ಇದಿಲ್ಲದೆ ಶಿಶುವಿಹಾರವೇ ನಡೆಯದು. ಆದರೂ ಇದನ್ನು ಮಾಡುವವರು ಯಾರೆಂಬುದು ಮೊದಲೇ ತೀರ್ಮಾನವಾಗಿರಬೇಕು. ಆ ಮನೆಯಲ್ಲಿ ಎಷ್ಟೇ ಮಂದಿ ಇರಲಿ, ಈ ಕೆಲಸ ತಾಯಿ ಒಪ್ಪಿದ ಒಬ್ಬರದೇ. ಅವರಿಗೆ ಅನನುಕೂಲವಾದರೆ ಇನ್ನೊಬ್ಬರು ಯಾರೆಂಬುದೂ ಗೊತ್ತಿರಬೇಕು. ಮುಲಾಮು ಮಗುವಿನ ಮನೆಯಿಂದ ಬಂದದ್ದಾಗಿರಬೇಕು, ಡಬ್ಬಿಯ ಮೇಲೆ ಹೆಸರಿರಬೇಕು. ಮೂರು ನಾಲ್ಕು ವರ್ಷ ತುಂಬಿದ ಮಗು ತನ್ನನ್ನು ತಾನು ತೊಳೆದುಕೊಳ್ಳಲು ಕಲಿಯುತ್ತದೆ. ನೀರು ಸುರಿಯುವುದಷ್ಟೇ ದೊಡ್ಡವರ ಕೆಲಸವಾಗಬೇಕು.

ಎರಡನೆಯದು, ಮನೆಯಲ್ಲಿಯೇ ಮುಗಿಸಬಹುದಾದ ಚಿಕಿತ್ಸೆ. ಹೆಚ್ಚಿನ ಸಂದರ್ಭಗಳು ಈ ಬಗೆಗೆ ಸೇರಿದವು ಎಂಬುದು ತಾಯಂದಿರಿಗೆ ಸಮಾಧಾನ ತರುವ ಸಂಗತಿ. ಮಲಬದ್ಧತೆಯನ್ನೇ ತೆಗೆದುಕೊಳ್ಳಬಹುದು. ದೀರ್ಘಕಾಲದ ಮಲಬದ್ಧತೆಗೆ ಮಕ್ಕಳ ವೈದ್ಯರು ಇಂದು ಬಾಯಿಯ ಮೂಲಕ ಕೊಡುವ ಔಷಧವನ್ನೇ ಮೊದಲು ಆರಿಸುತ್ತಾರೆ. ಹಿಂದಿನಿಂದ ಇಡುವ ಗುಳಿಗೆಯಾಗಲಿ ಎನಿಮಾ ಆಗಲಿ ನಿತ್ಯದ ಉಪಚಾರವಲ್ಲ. ಅದು ಅನಿವಾರ್ಯವಾದಾಗಲೂ ಬೆಳಗ್ಗೆಯೋ ಸಂಜೆಯೋ ತಾಯಿಯೇ ಇಡಬಹುದು. ಜ್ವರ ನೋಡಲು ಕಂಕುಳಲ್ಲಿಡುವ ಜ್ವರಮಾಪಕ ಸಾಕು. ರಾತ್ರಿ ಗುದದ ಸುತ್ತ ತುರಿಕೆ ತರುವ ದಾರದಂಥ ಹುಳುವಿಗೆ ಬಾಯಿಯ ಮೂಲಕ ಕೊಡುವ ಔಷಧವಿದೆ. ಶಸ್ತ್ರಚಿಕಿತ್ಸೆಯಾದ ಮಗುವಿನ ಗಾಯಕ್ಕೆ ಪಟ್ಟಿ ಬದಲಿಸುವುದಿದ್ದರೆ ಆ ದಿನಗಳಲ್ಲಿ ತಂದೆಯೋ ತಾಯಿಯೋ ರಜೆ ಪಡೆಯುವುದೇ ಮೇಲು.

ವೈದ್ಯರ ಮುಂದೆ ಒಂದೇ ಒಂದು ಪ್ರಶ್ನೆ ಹೆಚ್ಚಾಗಿ ಕೇಳಿದರೆ ಕೆಲಸವಾಗುತ್ತದೆ: "ಡಾಕ್ಟರೇ, ಮಗು ಹಗಲು ಬೇರೆಯವರ ಬಳಿ ಇರುತ್ತದೆ. ಇದನ್ನು ಬೆಳಗ್ಗೆ ಸಂಜೆ ನಾನೇ ಕೊಡುವಂತೆ ಆಗುತ್ತದೆಯೇ? ಬಾಯಿಯ ಮೂಲಕ ಕೊಡುವ ಔಷಧ ಇದೆಯೇ?" ಮಗು ಎಲ್ಲಿರುತ್ತದೆಂಬುದು ವೈದ್ಯರಿಗೆ ತಿಳಿದಿರುವುದಿಲ್ಲ, ಹೇಳಿದರೆ ಅವರು ದಾರಿ ತೋರಿಸುತ್ತಾರೆ.

ಮೂರನೆಯದು, ಮುಂದೂಡಲಾಗದ ಚಿಕಿತ್ಸೆ. ಜ್ವರ ಏರಿದಾಗ ಬರುವ ಸೆಳವನ್ನು ಹಿಂದಿನವರು 'ಬಾಲಗ್ರಹ' ಎನ್ನುತ್ತಿದ್ದರು. ಆರು ತಿಂಗಳಿನಿಂದ ಐದು ವರ್ಷದವರೆಗಿನ ಕೆಲವು ಮಕ್ಕಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ತಾನೇ ನಿಲ್ಲುತ್ತದೆ. ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ನೀರನ್ನಾಗಲಿ ಚಮಚವನ್ನಾಗಲಿ ಹಾಕಬಾರದು, ಗಡಿಯಾರ ನೋಡಬೇಕು. ಐದು ನಿಮಿಷ ಮೀರಿದರೆ ಅಪಾಯ. ಹಿಂದೆ ಇದಕ್ಕಾಗಿ ಗುದದ್ವಾರದ ಮೂಲಕ ಕೊಡುವ ಡಯಜೆಪಾಂ ಔಷಧವನ್ನು ಬರೆದುಕೊಡುತ್ತಿದ್ದುದೇ ಹೆಚ್ಚು. ಈಗ ಮೂಗಿಗೆ ಸಿಂಪಡಿಸುವ ಮಿಡಜೋಲಾಂ ದೊರೆಯುತ್ತದೆ. ಒಂದೇ ಫಲ ಕೊಡುವ ಎರಡು ದಾರಿಗಳಿರುವಾಗ ಮಗುವಿನ ಬಟ್ಟೆ ಬಿಚ್ಚಬೇಕಾಗಿಲ್ಲದ ದಾರಿಯನ್ನು ಕೇಳಿ ಪಡೆಯುವುದು ಜಾಣತನ. ಎರಡೂ ಇಲ್ಲದಿದ್ದರೆ ತಡಮಾಡದೆ 108ರ ಆಂಬುಲೆನ್ಸನ್ನು ಕರೆಯಬೇಕು.

ಬೆನ್ನುಹುರಿಯ ಜನ್ಮದೋಷವುಳ್ಳ ಕೆಲವು ಮಕ್ಕಳ ಮೂತ್ರಕೋಶ ತಾನಾಗಿ ಬರಿದಾಗುವುದಿಲ್ಲ. ಅಮೆರಿಕದ ಮಿಷಿಗನ್‌ನ ವೈದ್ಯ ಜ್ಯಾಕ್ ಲ್ಯಾಪಿಡೆಸ್ 1972ರಲ್ಲಿ ಪ್ರಕಟಿಸಿದ ವಿಧಾನದಿಂದ ಇಂಥವರ ಬಾಳು ಬದಲಾಯಿತು. ಕೈಗಳನ್ನು ಚೆನ್ನಾಗಿ ತೊಳೆದು, ಕೆಲವು ಗಂಟೆಗಳಿಗೊಮ್ಮೆ ಸಣ್ಣ ನಳಿಕೆಯನ್ನು ಒಳಕ್ಕೆ ಬಿಟ್ಟು ಮೂತ್ರವನ್ನು ಹೊರಗೆ ತೆಗೆಯುವುದೇ ಆ ವಿಧಾನ. ಇದು ತಪ್ಪಿದರೆ ಮೂತ್ರಪಿಂಡಕ್ಕೆ ಧಕ್ಕೆ. ಇಂಥ ಮಗುವನ್ನು ಒಪ್ಪಿಕೊಳ್ಳುವ ಮನೆಯಾಕೆ ವೈದ್ಯರ ಅಥವಾ ದಾದಿಯ ಎದುರಿನಲ್ಲಿ ಕೆಲಸವನ್ನು ಕಲಿತಿರಬೇಕು. ತಾಯಿಯ ಮುಂದೆ ಮಾಡಿ ತೋರಿಸಿರಬೇಕು. ಅದು ತನ್ನಿಂದಾಗದೆಂದು ಅನ್ನಿಸಿದರೆ ಹಾಗೆಂದು ಹೇಳಿಬಿಡುವುದೂ ಮಗುವಿನ ಉಪಕಾರವೇ.

ಶಾಸನ ಏನೆನ್ನುತ್ತದೆ?

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿತ್ತು. ಮಕ್ಕಳನ್ನು ಲೈಂಗಿಕವಾಗಿ ಪೀಡಿಸಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ಇಲ್ಲವೇ ಅದರ ನಂಬಿಕೆಗೆ ಪಾತ್ರರಾದವರು ಎಂಬುದನ್ನು ಆ ವರದಿ ತೋರಿಸಿಕೊಟ್ಟಿತು. ಭಯಪಡಬೇಕಾದದ್ದು ಬೀದಿಯ ಅಪರಿಚಿತನಿಗೆ ಮಾತ್ರವೆಂಬ ಹಳೆಯ ನಂಬಿಕೆ ಅಲ್ಲಿಗೆ ಕುಸಿಯಿತು.

ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಕಾಯಿದೆ, ಅಂದರೆ ಪೋಕ್ಸೊ, 2012ರ ನವೆಂಬರ್ 14ರಂದು ಜಾರಿಗೆ ಬಂದಿತು. ಅದರ 41ನೆಯ ಕಲಮನ್ನು ಮಕ್ಕಳನ್ನು ನೋಡಿಕೊಳ್ಳುವ ಪ್ರತಿಯೊಬ್ಬರೂ ತಿಳಿದಿರುವುದು ಒಳ್ಳೆಯದು. ತಂದೆತಾಯಿಯ ಅಥವಾ ಪೋಷಕರ ಸಮ್ಮತಿಯಿಂದ ನಡೆಯುವ ವೈದ್ಯಕೀಯ ಪರೀಕ್ಷೆಗಾಗಲಿ ಚಿಕಿತ್ಸೆಗಾಗಲಿ ಕಾಯಿದೆಯ 3ರಿಂದ 13ರವರೆಗಿನ ಕಲಮುಗಳು ಅನ್ವಯಿಸುವುದಿಲ್ಲವೆಂದು ಅದು ಹೇಳುತ್ತದೆ. ಇಲ್ಲಿ ಇಡೀ ವಿಷಯದ ತಿರುಗಣೆ 'ಸಮ್ಮತಿ' ಎಂಬ ಒಂದು ಶಬ್ದ. ಅರ್ಧಕ್ಕೇ ನಿಂತ ಮಾತು, ಕಣ್ಸನ್ನೆ, "ನಿಮಗೆ ಗೊತ್ತಲ್ಲ" ಎಂಬ ರಾಗ, ಇವು ಯಾವುವೂ ನೆಟ್ಟಗಿನ ಸಮ್ಮತಿಗೆ ಸಾಕ್ಷಿಯಾಗಲಾರವು. ಬರೆದಿಟ್ಟ ಎರಡು ಸಾಲು ಮಗುವನ್ನು ಕಾಪಾಡುವಂತೆಯೇ ಪ್ರಾಮಾಣಿಕಳಾದ ಮನೆಯಾಕೆಯನ್ನೂ ಕಾಪಾಡುತ್ತದೆ.

ಅದೇ ಕಾಯಿದೆಯ 27ನೆಯ ಕಲಮು ಪೀಡನೆಗೊಳಗಾದ ಮಗುವಿನ ವೈದ್ಯಕೀಯ ಪರೀಕ್ಷೆಯ ಕ್ರಮವನ್ನು ಹೇಳುತ್ತದೆ. ಹೆಣ್ಣುಮಗುವನ್ನು ಮಹಿಳಾ ವೈದ್ಯರೇ ಪರೀಕ್ಷಿಸಬೇಕು. ತಂದೆತಾಯಿಯೋ ಮಗುವಿಗೆ ನಂಬಿಕೆಯುಳ್ಳ ಇನ್ನೊಬ್ಬರೋ ಎದುರಿಗಿರಬೇಕು. ಪದವಿ ಪಡೆದ ವೈದ್ಯರೇ ಒಂಟಿಯಾಗಿ ಪರೀಕ್ಷಿಸಬಾರದೆಂದು ಶಾಸನ ಬಯಸುವಾಗ, ಹಜಾರದ ಶಿಶುವಿಹಾರದಲ್ಲಿ ಮುಚ್ಚಿದ ಬಾಗಿಲಿನ ಹಿಂದೆ ಒಬ್ಬರೇ ಚಿಕಿತ್ಸೆ ಮಾಡುವುದು ಹೇಗೆ ಸಲ್ಲುತ್ತದೆ?

ಆದ್ದರಿಂದಲೇ ಬಾಗಿಲು ತೆರೆದಿರಬೇಕು, ಪರದೆ ಇಳಿದಿರಬೇಕು. ಇತರ ಮಕ್ಕಳ ಕಣ್ಣಿಗೆ ಬೀಳದಂತೆ ಪರದೆ. ಮನೆಯ ಇನ್ನೊಬ್ಬ ಹಿರಿಯ ಹೆಂಗಸಿನ ಕಿವಿಗೆ ಕೇಳಿಸುವಂತೆ ತೆರೆದ ಬಾಗಿಲು. ಮಗುವಿನ ಮಾನಕ್ಕೆ ಮರೆ ಬೇಕು. ಆದರೆ ಆ ಮರೆ ಗುಟ್ಟಾಗಬಾರದು. ಈ ಎರಡರ ನಡುವಣ ಭೇದವನ್ನು ಅರಿತವರಿಗೆ ಉಳಿದ ನಿಯಮಗಳು ತಾವಾಗಿ ಹೊಳೆಯುತ್ತವೆ.

ಆಡಬೇಕಾದ ಮಾತು

ಸಂಕೋಚವನ್ನು ಮುರಿಯುವವರು ಯಾರು? ಮನೆಯಾಕೆ ಮೊದಲು ಮಾತೆತ್ತಿದರೆ ತಾಯಿಯ ಎದೆ ಹಗುರಾಗುತ್ತದೆ. ಮಗು ಸೇರುವ ದಿನ, ತಿಂಗಳ ಹಣದ ಮಾತಿನೊಡನೆಯೇ ಇದನ್ನೂ ಆಡಿಬಿಡಬೇಕು. ರೋಗ ಬಂದ ದಿನ, ಬಸ್ಸು ಬಂದ ಹೊತ್ತಿನಲ್ಲಿ ಅಲ್ಲ.

"ನೋಡಮ್ಮಾ, ಮಗುವನ್ನು ತೊಳೆಯುವುದು, ಬಟ್ಟೆ ಬದಲಿಸುವುದು ಎಲ್ಲ ನಾನೇ ಮಾಡುತ್ತೇನೆ. ಈ ಮನೆಯಲ್ಲಿ ಬೇರೆ ಯಾರೂ ಆ ಕೆಲಸಕ್ಕೆ ಕೈಹಾಕುವುದಿಲ್ಲ. ಬಾಯಿಗೆ ಹಾಕುವ ಔಷಧವಿದ್ದರೆ ಡಾಕ್ಟರ ಚೀಟಿಯೊಡನೆ ಕೊಡು, ಹಾಕುತ್ತೇನೆ. ಕೆಳಗಡೆ ಮಾಡುವ ಚಿಕಿತ್ಸೆ ಮಾತ್ರ ನನ್ನಿಂದ ಬೇಡ. ಅದನ್ನು ನೀನೇ ಮನೆಯಲ್ಲಿ ಮುಗಿಸಿ ಕರೆದುಕೊಂಡು ಬಾ."

"ಅಕ್ಕಾ, ನಿಮ್ಮ ಮೇಲೆ ನನಗೆ ನಂಬಿಕೆಯಿಲ್ಲವೆಂದು ತಿಳಿಯಬೇಡಿ..."

"ನಂಬಿಕೆಯಿದೆಯೆಂದೇ ಹೇಳುತ್ತಿದ್ದೇನೆ. ಆ ನಂಬಿಕೆ ಹಾಗೆಯೇ ಉಳಿಯಬೇಕಲ್ಲ?"

ಇಷ್ಟು ಮಾತಿಗೆ ಎರಡು ನಿಮಿಷ ಹಿಡಿಯದು. ಮುಖ ಮುರಿಯುವಂಥದೇನೂ ಇಲ್ಲಿಲ್ಲ. ಬೇಡವೆನ್ನುವುದನ್ನು ಬಿರುಸಿಲ್ಲದೆ, ಆದರೆ ಅನುಮಾನಕ್ಕೆಡೆಯಿಲ್ಲದಂತೆ ಹೇಳಿದಾಗ ಕೇಳಿದವರಿಗೂ ಗೌರವ.

ಒಪ್ಪಿಕೊಂಡ ಕೆಲಸಕ್ಕೆ ಒಂದು ಪುಟ್ಟ ನೋಟುಬುಕ್ಕು ಬೇಕು. ಔಷಧದ ಹೆಸರು, ಪ್ರಮಾಣ, ಹೊತ್ತು, ಎಷ್ಟು ದಿನ ಎಂಬುದನ್ನು ತಾಯಿ ಬರೆದು ರುಜು ಹಾಕಬೇಕು. ಮಾಡಿದ ಹೊತ್ತನ್ನೂ ಕಂಡದ್ದನ್ನೂ ಮನೆಯಾಕೆ ಬರೆಯಬೇಕು: 'ಹನ್ನೊಂದು ಗಂಟೆಗೆ ತೊಡೆಯ ಸಂದಿ ಕೆಂಪಾಗಿತ್ತು, ಮುಲಾಮು ಹಚ್ಚಿದೆ' ಎಂದಷ್ಟೇ ಸಾಕು. ಯಾವ ಔಷಧದ ಮೊದಲ ಸರದಿಯೂ ಮಗುವಿನ ಸ್ವಂತ ಮನೆಯಲ್ಲೇ ಆಗಬೇಕು. ಮೈಗೆ ಒಗ್ಗದಿದ್ದರೆ ಅಲ್ಲಿಯೇ ಗೊತ್ತಾಗುತ್ತದೆ.

ಮೊಬೈಲ್ ಫೋನಿನ ಈ ಕಾಲದಲ್ಲಿ ಮತ್ತೊಂದು ಎಚ್ಚರಿಕೆ ಅಗತ್ಯ. ಮಗುವಿನ ಗುಪ್ತಾಂಗದ ಬಳಿ ಗುಳ್ಳೆ ಕಂಡರೆ ಅದರ ಚಿತ್ರ ತೆಗೆದು ತಾಯಿಗೆ ಕಳಿಸೋಣವೆಂದು ಮನೆಯಾಕೆಗೆ ತೋರಬಹುದು. ಉದ್ದೇಶ ಒಳ್ಳೆಯದೇ. ಆದರೆ ಒಮ್ಮೆ ಹೊರಟ ಚಿತ್ರ ಯಾರ ಕೈ ಸೇರುತ್ತದೆಂದು ಬಲ್ಲವರಾರು? ಕರೆ ಮಾಡಿ ಬಾಯಲ್ಲಿ ಹೇಳಿದರೆ ಸಾಕು. ನೋಡಲೇಬೇಕಾದದ್ದಿದ್ದರೆ ತಾಯಿಯೇ ಬರಲಿ, ಇಲ್ಲವೇ ವೈದ್ಯರ ಬಳಿಗೆ ಹೋಗಲಿ.

ಇಷ್ಟಕ್ಕೂ ಇದು ತಾಯಂದಿರಿಗೆ ಮಾತ್ರ ಸೇರಿದ ವಿಷಯವೆಂದು ತಂದೆಯರು ಪತ್ರಿಕೆಯ ಹಿಂದೆ ಮುಖ ಮರೆಸಿಕೊಳ್ಳಲಾಗದು. ಸಂಜೆ ಮಗುವನ್ನು ಕರೆತರುವವನು ತಂದೆಯಾದರೆ ನೋಟುಬುಕ್ಕನ್ನು ಓದಬೇಕಾದವನೂ ಅವನೇ.

ಮಗುವಿಗೂ ಒಂದು ಮಾತುಂಟು

ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ 'ಕುಮಾರಾಗಾರ'ದ, ಅಂದರೆ ಮಕ್ಕಳ ಕೋಣೆಯ, ವರ್ಣನೆ ಬರುತ್ತದೆ. ಮಗುವನ್ನು ನೋಡಿಕೊಳ್ಳುವ ದಾಯಿ ಎಂಥವಳಿರಬೇಕೆಂಬುದನ್ನೂ ಅಲ್ಲಿ ಹೇಳಿದೆ. ಮಗು ಅತ್ತರೂ ಉಣ್ಣದಿದ್ದರೂ ಅದನ್ನು ಹೆದರಿಸಬಾರದು, ಭೂತಪಿಶಾಚಿಗಳ ಹೆಸರು ಹೇಳಿ ಬೆದರಿಸಬಾರದೆಂಬ ವಿವೇಕವೂ ಅಲ್ಲಿದೆ. "ಗುಮ್ಮ ಬರುತ್ತಾನೆ", "ಸೂಜಿ ಚುಚ್ಚಿಸುತ್ತೇನೆ" ಎನ್ನುವ ಇಂದಿನ ಹಿರಿಯರು ಆ ಗ್ರಂಥಕ್ಕಿಂತ ಹಿಂದೆಯೇ ಉಳಿದಿದ್ದಾರೆಂದರೆ ತಪ್ಪಾಗದು.

ಎರಡು ವರ್ಷದ ಮಗುವಿಗೂ ಹೇಳಿದರೆ ಅರ್ಥವಾಗುತ್ತದೆ. "ಪುಟ್ಟಾ, ಈಗ ಚಡ್ಡಿ ಬಿಚ್ಚಿ ತೊಳೆಯೋಣವೇ? ಇಲ್ಲಿ ಕೆಂಪಾಗಿದೆ, ಔಷಧ ಹಚ್ಚಲೇ?" ಎಂದು ಕೇಳಿ ಮುಟ್ಟುವ ಅಭ್ಯಾಸವಾದರೆ, ಕೇಳದೆ ಮುಟ್ಟುವವರನ್ನು ಮಗು ಗುರುತಿಸಲು ಕಲಿಯುತ್ತದೆ. ದೇಹದ ಎಲ್ಲ ಅಂಗಗಳಿಗೂ ಹೆಸರಿರುವಂತೆ ಆ ಅಂಗಗಳಿಗೂ ಮನೆಯಲ್ಲಿ ಒಂದು ಹೆಸರಿರಬೇಕು, ಆ ಹೆಸರು ಶಿಶುವಿಹಾರದ ಅಕ್ಕನಿಗೂ ಗೊತ್ತಿರಬೇಕು. ಹೆಸರೇ ಇಲ್ಲದ ಅಂಗಕ್ಕೆ ನೋವಾದರೆ ಮಗು ದೂರುವುದಾದರೂ ಹೇಗೆ?

'ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ' ಎಂದು ಶಾಲೆಗಳಲ್ಲಿ ಹೇಳಿಕೊಡುತ್ತಾರೆ. ಚಿಕಿತ್ಸೆಯ ಸ್ಪರ್ಶ ಮಾತ್ರ ಈ ಎರಡರಲ್ಲಿ ಸುಲಭವಾಗಿ ಹೊಂದುವುದಿಲ್ಲ. ಅದು ನೋಯಿಸಬಹುದು, ಆದರೂ ಒಳ್ಳೆಯದಾಗಿರಬಹುದು. ಮಗುವಿಗೆ ಅಳತೆಗೋಲಾಗಿ ಕೊಡಬಹುದಾದದ್ದು ಒಂದೇ: ಶುಚಿಗಾಗಿ, ಆರೋಗ್ಯಕ್ಕಾಗಿ ಮುಟ್ಟುವ ಸ್ಪರ್ಶ ಎಂದೂ ಗುಟ್ಟಿನದಲ್ಲ. "ಅಮ್ಮನಿಗೆ ಹೇಳಬೇಡ" ಎಂಬ ಮಾತು ಯಾರ ಬಾಯಿಂದ ಬಂದರೂ ಅದನ್ನೇ ಮೊದಲು ಅಮ್ಮನಿಗೆ ಹೇಳಬೇಕು.

ಸಂದೇಹ ಮೂಡಿದಾಗ

ಕೆಂಪಾದ ಚರ್ಮ ಕಂಡೊಡನೆ ಕೆಟ್ಟದ್ದನ್ನೇ ಊಹಿಸಲಾಗದು. ಒದ್ದೆ ಬಟ್ಟೆ, ಬೇಧಿ, ಬೂಷ್ಟಿನ ಸೋಂಕು, ಹುಳುವಿನ ತುರಿಕೆ ಎಷ್ಟೋ ಕಾರಣಗಳಿಂದ ಅದು ಆಗುತ್ತದೆ. ಆದರೆ ಕಾರಣ ಹೇಳಲಾಗದ ಗಾಯ, ರಕ್ತ, ಸ್ರಾವ, ಒಬ್ಬ ವ್ಯಕ್ತಿಯನ್ನು ಕಂಡರೆ ಮಾತ್ರ ಹುಟ್ಟುವ ಹೆದರಿಕೆ, ಬಟ್ಟೆ ಬಿಚ್ಚಲು ಹೊಸದಾಗಿ ತೋರುವ ಅಂಜಿಕೆ, ಇವನ್ನು ಕಂಡೂ ಕಾಣದಂತಿರಲಾಗದು. ಮೊದಲು ಮಕ್ಕಳ ವೈದ್ಯರಿಗೆ ತೋರಿಸಬೇಕು. ಶಿವಮೊಗ್ಗದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಸೇರಿದ ಮೆಗ್ಗಾನ್ ಆಸ್ಪತ್ರೆಯಿದೆ. ಮಗುವನ್ನು ಪೊಲೀಸರಂತೆ ಪ್ರಶ್ನಿಸದೆ, ಅದು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಡಬೇಕು.

ಅಪರಾಧ ನಡೆದಿದೆಯೆಂಬ ಅರಿವೋ ನಡೆಯಬಹುದೆಂಬ ಆತಂಕವೋ ಉಳ್ಳ ಯಾವುದೇ ವ್ಯಕ್ತಿ ಪೊಲೀಸರಿಗೆ ತಿಳಿಸಬೇಕೆಂದು ಪೋಕ್ಸೊದ 19ನೆಯ ಕಲಮು ವಿಧಿಸುತ್ತದೆ. ಸದ್ಭಾವನೆಯಿಂದ ತಿಳಿಸಿದವರಿಗೆ ಅದ��ಿಂದ ಹೊಣೆ ಬರುವುದಿಲ್ಲವೆಂಬ ಅಭಯವೂ ಅಲ್ಲಿಯೇ ಇದೆ. ಮಕ್ಕಳ ಸಹಾಯವಾಣಿ 1098. ಈ ಕರ್ತವ್ಯ ತಾಯಿಗೆ ಎಷ್ಟೋ ಶಿಶುವಿಹಾರದ ಅಕ್ಕನಿಗೂ ಅಷ್ಟೇ. ಮಗುವಿನ ಮೈಮೇಲಿನ ಗುರುತನ್ನು ಮೊದಲು ಕಾಣುವವಳು ಅನೇಕ ವೇಳೆ ಅವಳೇ ಆಗಿರುತ್ತಾಳೆ. ತೊಂದರೆ ಮಗುವಿನ ಸ್ವಂತ ಮನೆಯಲ್ಲಿಯೇ ಇರಬಹುದು. ಅವಳು ಬಾಯಿ ತೆರೆದರೆ ಒಂದು ಬಾಳು ಉಳಿದೀತು.

ಮತ್ತೆ ಅದೇ ಬೆಳಗು. ಮಲವಗೊಪ್ಪದ ಆ ಹಜಾರದ ಬಾಗಿಲಲ್ಲಿ ತಾಯಿ ಪೊಟ್ಟಣವನ್ನು ಚಾಚಿದಾಗ ಮನೆಯಾಕೆ ಅದನ್ನು ತೆಗೆದುಕೊಳ್ಳುವ ಬದಲು ನಕ್ಕು ಹೇಳಿದ್ದರೆ? "ಇದು ನನ್ನ ಕೈಗೆ ಬೇಡಮ್ಮಾ. ಡಾಕ್ಟರಿಗೆ ಫೋನ್ ಮಾಡಿ ಕೇಳು, ಸಂಜೆ ನೀನೇ ಇಟ್ಟರೆ ಆದೀತೇನೋ. ಹಗಲಿಗೆ ಬಿಸಿನೀರು, ಹಣ್ಣು ನಾನು ನೋಡಿಕೊಳ್ಳುತ್ತೇನೆ." ತಾಯಿ ಒಂದು ಕ್ಷಣ ಪೆಚ್ಚಾಗಬಹುದು. ಮರುಕ್ಷಣ ಬಸ್ಸಿನ ಕಿಟಕಿಯ ಪಕ್ಕದಲ್ಲಿ ಕುಳಿತಾಗ, ತನ್ನ ಮಗುವನ್ನು ಬಿಟ್ಟುಬಂದದ್ದು ಎಲ್ಲೆಯನ್ನು ಬಲ್ಲ ಕೈಯಲ್ಲಿ ಎಂಬ ಸಮಾಧಾನ ಅವಳದಾಗುತ್ತದೆ. ಆ ದಿನ ಕಚೇರಿಯ ಲೆಕ್ಕದಲ್ಲಿ ಅವಳು ತಪ್ಪು ಮಾಡಲಾರಳು.